ಕಂಡದ್ದೆಷ್ಟು, ಅಂದಾಜಿಸಿದ್ದೆಷ್ಟು?
(2022ರ ಹುಲಿ ಅಂದಾಜು ವರದಿ: ಒಂದು ವಿಮರ್ಶೆ)

ಹಾರನಹಳ್ಳಿಯ ಸುತ್ತಲಿನ ಕುರುಚಲು ಗುಡ್ಡಗಳಲ್ಲಿ ಚಿರತೆಗಳನ್ನು ಎಣಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಪ್ರಾಣಿ ನಡೆದಾಡುವ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತೇವೆ. ಏಕೆಂದರೆ ಎಡ ಮೈಯ ಮಚ್ಚೆಗಳು ಬಲ ಮೈಯಂತಿರುವುದಿಲ್ಲ. ಮೊದಲ ಸುತ್ತಿನಲ್ಲಿ 12 ಚಿರತೆಗಳು ಚಿತ್ರಕ್ಕೆ ಸಿಕ್ಕವು. ಎರಡನೆಯ ಸುತ್ತಿನಲ್ಲಿ ಸಿಕ್ಕ 10ರಲ್ಲಿ 6 ಹಳೆಯವೇ. ಅಂದರೆ ಒಟ್ಟು ಚಿರತೆಗಳ ಹತ್ತರಲ್ಲಿ ಆರು ಪಾಲು 12. ಒಟ್ಟು ಸಂಖ್ಯೆ ಸುಮಾರು 20. ನಾವು ಕಂಡದ್ದು ಮಾತ್ರ 16. ಗೈಗರ್ ಕೌಂಟರಿನ ಎಣಿಕೆಯೇ ವಿಘಟನೆಗಳ ಸಂಖ್ಯೆಯಲ್ಲ. ಉಪಕರಣದ ಪತ್ತೆ ಸಾಮರ್ಥ್ಯ ತಿಳಿದಿರಬೇಕು. ಇಲ್ಲಿಯೂ ಹಾಗೆಯೇ.

ಈ 'ಹಿಡಿ-ಮರುಹಿಡಿ' ತತ್ತ್ವವನ್ನು ಕ್ಯಾಮೆರಾದೊಂದಿಗೆ ನಾಗರಹೊಳೆಯ ಹುಲಿಗಳಿಗೆ ಅನ್ವಯಿಸಿದವರು ಡಾ. ಉಲ್ಲಾಸ ಕಾರಂತರು, ಅವರ ಪ್ರಬಂಧ ಪ್ರಕಟವಾದದ್ದು 1995ರಲ್ಲಿ. ಆದರೂ ಹೆಜ್ಜೆಗುರುತಿನ ಗಣತಿಯೇ ಮುಂದುವರಿಯಿತು. ಕಾಗದದ ಮೇಲೆ ಹುಲಿಗಳಿದ್ದಂತೆಯೇ ಸರಿಸ್ಕಾದ ಕಾಡಿನಲ್ಲಿ ಅವು ಇಲ್ಲವಾದದ್ದು 2004-05ರಲ್ಲಿ ಬಯಲಾಯಿತು.

2022ರ ರಾಷ್ಟ್ರೀಯ ಅಂದಾಜಿನ ಸಾಧನೆ ದೊಡ್ಡದು: 32,588 ಕಡೆ ಕ್ಯಾಮೆರಾ, ಹುಲಿಗಳ 97,399 ಚಿತ್ರ, ಗುರುತಿಸಿದ ಹುಲಿಗಳು 3,080. ಶ್ರಮದ ಬಗ್ಗೆ ಎರಡು ಮಾತಿಲ್ಲ. ಆಕ್ಷೇಪವಿರುವುದು ಫಲಿತಾಂಶವನ್ನು ಮುಂದಿಟ್ಟ ಬಗೆಗೆ. 2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ್ದು 3,167, ಜುಲೈನಲ್ಲಿ 3,682. ನಡುವೆ ಐನೂರು ಮರಿಗಳೇನೂ ಹುಟ್ಟಲಿಲ್ಲ. ಮೊದಲನೆಯದು ಕನಿಷ್ಠ ಮಿತಿ, ಎರಡನೆಯದು ಸರಾಸರಿ. ವ್ಯಾಪ್ತಿ 3,167ರಿಂದ 3,925. 2018ರ 2,967 ಸಹ ಸರಾಸರಿ. ಅದರ ಪಕ್ಕದಲ್ಲಿ 3,167 ಅನ್ನು ಇಟ್ಟು 'ಇನ್ನೂರು ಹೆಚ್ಚಿತು' ಎನ್ನುವುದು ಸರಾಸರಿಯಿಂದ ಕನಿಷ್ಠಕ್ಕೆ ಅಳೆದಂತೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಹೀಗೆ ಮಾಡಿದರೆ ನಾವು ಅಂಕ ಕಳೆಯುತ್ತೇವೆ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಕ್ಯಾಮೆರಾ ಇಲ್ಲದ ಕಾಡುಗಳಿಗೆ ಹೆಜ್ಜೆ, ಹಿಕ್ಕೆ, ಬೇಟೆಪ್ರಾಣಿಗಳ ಸುಳಿವಿನಿಂದ ಸಂಖ್ಯೆಯನ್ನು ವಿಸ್ತರಿಸಲಾಗುತ್ತದೆ. ಸುಳಿವು ಸಿಗುವ ಸಂಭಾವ್ಯತೆ ಎಲ್ಲೆಡೆ ಒಂದೇ ಅಲ್ಲ. ಇಂಥ ಹೊಂದಾಣಿಕೆ ಎಷ್ಟು ದುರ್ಬಲವಾಗಬಲ್ಲದೆಂದು ಅರ್ಜುನ್ ಗೋಪಾಲಸ್ವಾಮಿ, ಮೋಹನ್ ದೆಲಂಪಾಡಿ, ಕಾರಂತ ಮೊದಲಾದವರು 2015ರಲ್ಲಿಯೇ ಗಣಿತದ ಮೂಲಕ ತೋರಿಸಿದ್ದಾರೆ.

ಕಾಡಿನ ರಕ್ಷಣೆಯ ನಿರ್ಧಾರಗಳು ಈ ಸಂಖ್ಯೆಗಳ ಮೇಲೆ ನಿಂತಿವೆ. ಸರಿಸ್ಕಾ ಕಲಿಸಿದ ಪಾಠವೂ ಅದೇ. ಆದ್ದರಿಂದ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಓದಿದಾಗ ನೀವು ಮೂರು ಪ್ರಶ್ನೆ ಕೇಳಿ: ಕಂಡದ್ದೆಷ್ಟು? ಕಾಣದ್ದನ್ನು ಲೆಕ್ಕ ಹಾಕಿದ್ದು ಹೇಗೆ? ದೋಷದ ಮಿತಿ ಎಷ್ಟು? ತರಗತಿಯಲ್ಲಿ ಒಂದು ಡಬ್ಬಿ ಅವರೆಕಾಳು, ಒಂದಿಷ್ಟು ಬಣ್ಣ ಸಾಕು. ಮೇಲಿನ ಲೆಕ್ಕವನ್ನು ಹತ್ತು ಬಾರಿ ಮಾಡಿಸಿ. ಉತ್ತರ ಪ್ರತಿಬಾರಿಯೂ ಬೇರೆ ಬರುತ್ತದೆ. ಆ ವ್ಯತ್ಯಾಸವನ್ನು ಹೇಳದ ಸಂಖ್ಯೆ ಅಳತೆಯಲ್ಲ, ಘೋಷಣೆ.