ಬಿಳಿ ಮರಳಿನ ಹಟ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ತಳದ ಮರಳು ಸುಣ್ಣ ಬಳಿದಷ್ಟು ಬೆಳ್ಳಗಿರಬೇಕೆಂಬ ಹಟ. ಅದರ ಮೇಲೆ ಕಂದು ಬಣ್ಣ ಕೂತಿತೋ, ನೀರಿನಲ್ಲಿ ಪೋಷಕಾಂಶ ಹೆಚ್ಚಾಗಿದೆ ಎಂದು ತೀರ್ಮಾನವಾಗಿಬಿಡುತ್ತದೆ. ಮೀನಿಗೆ ಊಟ ಕಡಿತ, ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಇನ್ನೂ ದೊಡ್ಡ ಸ್ಕಿಮ್ಮರ್, ಸಾಲದ್ದಕ್ಕೆ ಅಂಗಡಿಯವರು ಕೊಟ್ಟ ಬಾಟಲಿ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗಿಳಿಸಿದರೆ ಪಾಚಿ ಉಪವಾಸ ಬಿದ್ದು ಸಾಯುತ್ತದೆ ಎಂಬುದು ಲೆಕ್ಕಾಚಾರ. ಈ ಹವ್ಯಾಸದಲ್ಲಿ ಇಷ್ಟು ಹೊಗಳಿಸಿಕೊಂಡು ಇಷ್ಟು ಹಾನಿ ಮಾಡಿದ ಉಪಾಯ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಮರಳಿನ ಮೇಲೆ ಕೂತದ್ದೆಲ್ಲ ಒಂದೇ ಎಂದುಕೊಳ್ಳುವುದರಿಂದ ಎಡವಟ್ಟು ಶುರುವಾಗುತ್ತದೆ. ಹೊಸ ಟ್ಯಾಂಕಿನಲ್ಲಿ ಮೊದಲ ವಾರಗಳಲ್ಲಿ ಕಾಣುವ ಕಂದು ಧೂಳು ಬಹುಪಾಲು ಡಯಾಟಮ್. ಸಿಲಿಕೇಟ್ ಬಳಸಿ ಗಾಜಿನಂಥ ಕವಚ ಕಟ್ಟಿಕೊಳ್ಳುವ ಈ ಜೀವಿ, ಸಿಲಿಕೇಟ್ ಖಾಲಿಯಾಗುತ್ತಿದ್ದಂತೆ ತಾನೇ ಹಿಂದೆ ಸರಿಯುತ್ತದೆ. ಸರಿಯದಿದ್ದರೆ ನೀರನ್ನು ಅನುಮಾನಿಸಬೇಕು. ನಮ್ಮಲ್ಲಿ ಅಡುಗೆಮನೆಯ ಆರ್‌ಓ ನೀರಿಗೇ ಉಪ್ಪು ಕಲಸುವವರಿದ್ದಾರೆ. ಕುಡಿಯಲು ರುಚಿಯಾಗಿರಲೆಂದು ಶುದ್ಧವಾದ ನೀರಿಗೆ ಒಂದಿಷ್ಟು ಶೋಧಿಸದ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ ತಿರುಪು ಅಂಥ ಎಷ್ಟೋ ಯಂತ್ರಗಳಲ್ಲಿರುತ್ತದೆ. ಬೋರ್‌ವೆಲ್ ನೀರಾದರಂತೂ ಸಿಲಿಕೇಟ್ ಆ ದಾರಿಯಲ್ಲೇ ಒಳಗೆ ಬರುತ್ತದೆ.

ಮರಳಿನ ಮೇಲೆ ಹಾಳೆಯಂತೆ ಏಳುವ ಕೆನ್ನೇರಳೆ ಲೋಳೆ ಪಾಚಿಯೇ ಅಲ್ಲ, ಅದು ಸಯನೊಬ್ಯಾಕ್ಟೀರಿಯಾ. ಎರಿಥ್ರೋಮೈಸಿನ್ ಹಾಕಿದರೆ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ನಿಜ. ಆದರೆ ಸತ್ತದ್ದು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ನೀರು ಓಡಾಡದ ಮೂಲೆ ಹಾಗೇ ಉಳಿದಿದ್ದರೆ ಲೋಳೆ ಮತ್ತೆ ಹಾಜರ್. ಪೈಪಿನಿಂದ ಹೀರಿ ತೆಗೆದು ಪಂಪಿನ ಮುಖವನ್ನು ಆ ಕಡೆ ತಿರುಗಿಸುವುದೇ ಮೇಲು.

ಸೊನ್ನೆಯ ಸಿದ್ಧಾಂತ ಮಕಾಡೆ ಮಲಗುವುದು ಡೈನೊಫ್ಲಾಜೆಲೇಟ್‌ಗಳ ಮುಂದೆ. ನೋಡಲು ಇವೂ ಕಂದು. ಆದರೆ ಲೋಳೆ ಎಳೆಗಳಾಗಿ ತೂಗುತ್ತವೆ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ; ದೀಪ ಹತ್ತಿ ಕೆಲವು ಗಂಟೆಗಳಲ್ಲಿ ದಟ್ಟವಾಗಿ, ರಾತ್ರಿ ತೆಳುವಾಗುತ್ತವೆ. ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾದಾಗ ಡಯಾಟಮ್, ಹಸಿರು ಪಾಚಿಗಳು ಸೊರಗುತ್ತವೆ. ಡೈನೊಗಳಲ್ಲಿ ಹಲವಕ್ಕೆ ಬೆಳಕಿನಿಂದ ಬದುಕುವುದೂ ಗೊತ್ತು, ಬ್ಯಾಕ್ಟೀರಿಯಾಗಳನ್ನು ನುಂಗುವುದೂ ಗೊತ್ತು. ಪೈಪೋಟಿಗೆ ಯಾರೂ ಉಳಿಯದ ಮರಳು ಇವುಗಳ ಪಾಲಾಗುತ್ತದೆ. ಇವನ್ನು ತಿಂದ ಬಸವನಹುಳುಗಳು ಸತ್ತು ಬೀಳುವುದೂ ಉಂಟು. ಈ ಗುಂಪಿನ ವಿಷವನ್ನು ಹಗುರವಾಗಿ ಕಾಣುವಂತಿಲ್ಲ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಆಸ್ಟ್ರಿಯೋಪ್ಸಿಸ್ ಎಂಬ ಡೈನೊ ಮಿತಿಮೀರಿ ಬೆಳೆದಾಗ ಸುಮಾರು 200 ಜನ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಎಂದು ವೈದ್ಯರ ಬಳಿಗೆ ಓಡಿದ್ದರು.

ಗುರುತು ಹಿಡಿಯುವುದು ಕಷ್ಟವೇನಲ್ಲ. ಒಂದಿಷ್ಟು ಕಂದು ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಶೀಷೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ಕಾಗದದ ಕಾಫಿ ಫಿಲ್ಟರಿನಲ್ಲಿ ಸೋಸಿ, ಇಳಿದ ನೀರನ್ನು ಬೆಳಕಿಗಿಡಬೇಕು. ಸ್ವಲ್ಪ ಹೊತ್ತಿನಲ್ಲಿ ತಿಳಿನೀರಿನಲ್ಲಿ ಎಳೆಗಳು ಮತ್ತೆ ಕೂಡಿಕೊಂಡರೆ ಡೈನೊ ಎಂದು ಬಲವಾಗಿ ಶಂಕಿಸಬಹುದು. ಅದಕ್ಕಿಂತ ಒಳ್ಳೆಯದು ಶಾಲೆಯ ಪ್ರಯೋಗಾಲಯದಲ್ಲಿರುವಂಥ ಸೂಕ್ಷ್ಮದರ್ಶಕ. ಅದರಡಿ ಆಸ್ಟ್ರಿಯೋಪ್ಸಿಸ್ ಕಣ್ಣೀರ ಹನಿಯ ಆಕಾರದಲ್ಲಿ, ಗೂಟಕ್ಕೆ ಕಟ್ಟಿದಂತೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಇನ್ನೊಂದು ಡೈನೊ ಆಂಫಿಡಿನಿಯಂ ಮೊಟ್ಟೆಯಾಕಾರದ್ದು, ತುದಿಯಲ್ಲೊಂದು ಪುಟ್ಟ ಕೊಕ್ಕು, ತೇಲಿಕೊಂಡು ಸಾಗುತ್ತದೆ. ಡಯಾಟಮ್ ಬಿರುಸು ಕಡ್ಡಿಯಾಗಿ ನೇರ ಜಾರುತ್ತದೆ.

ಸುಮ್ಮನೆ ಹೆಸರಿಡಲು ಇಷ್ಟು ಪಾಡು ಬೇಕಿಲ್ಲ, ಚಿಕಿತ್ಸೆಯೇ ಬೇರೆಯಾಗುತ್ತದೆ. ಆಸ್ಟ್ರಿಯೋಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿಗೆ ಏಳುವುದರಿಂದ ಯುವಿ ದೀಪದ ಬಾಯಿಗೆ ಸಿಗುತ್ತದೆ. ದೊಡ್ಡ ಜಾತಿಯ ಆಂಫಿಡಿನಿಯಂ ಮರಳಲ್ಲೇ ಹುದುಗಿರುತ್ತದೆ, ಯುವಿ ದೀಪಕ್ಕೆ ಸುರಿದ ಹಣ ನೀರು ಪಾಲು. ಅದಕ್ಕೆ ಅನುಭವಿಗಳು ಮಾಡುವುದು ಸಿಲಿಕೇಟನ್ನು ಬೇಕೆಂದೇ ಹಾಕಿ ಡಯಾಟಮ್ ಬೆಳೆಸುವುದು! ಮೊದಲ ತಿಂಗಳು ಯಾವುದನ್ನು ಓಡಿಸಲು ಒದ್ದಾಡಿದೆವೋ ಅದನ್ನೇ ಕರೆದು ಕೂರಿಸುವ ಈ ಕ್ರಮ ವಿಚಿತ್ರ ಎನಿಸಬಹುದು, ನನಗೆ ಮಾತ್ರ ಇಡೀ ಹವ್ಯಾಸದಲ್ಲೇ ಅತ್ಯಂತ ಬುದ್ಧಿವಂತ ಉಪಾಯ ಇದು. ಯಾವ ಡೈನೊ ಆದರೂ ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.05ರಿಂದ 0.1 ಮಿಲಿಗ್ರಾಂ ಆಸುಪಾಸಿಗೆ ಏರಬೇಕು. ಮೂರು ದಿನ ದೀಪ ಆರಿಸಿ ಟ್ಯಾಂಕಿಗೆ ಬಟ್ಟೆ ಹೊದಿಸುವುದು ಜನಪ್ರಿಯ. ಆದರೆ ನೀರಿನ ಸ್ಥಿತಿ ಬದಲಿಸದೆ ಕತ್ತಲು ಮಾಡುವುದು ಕೇವಲ ಮುಂದೂಡಿಕೆ, ಬೆಳಕು ಬಂದೊಡನೆ ಎಳೆಗಳೂ ಬರುತ್ತವೆ.

ಇನ್ನು ಮರಳನ್ನು ವಾರ ವಾರ ಕೆದಕಿ ಹೀರುವ ಪದ್ಧತಿ. ಒಂದೆರಡು ಇಂಚಿನ ಹಾಸಿಗೆ ತಕರಾರಿಲ್ಲ. ಮೊನಾಕೊದಲ್ಲಿ ಜಾನ್ ಜೋಬೇರ್ ರೂಪಿಸಿದ ವ್ಯವಸ್ಥೆಯ ಜಾಡಿನಲ್ಲಿ ದಪ್ಪ ಮರಳು ಹಾಕಿದವರು ಹಾಗೆ ಮಾಡಬಾರದು. ಆಮ್ಲಜನಕ ಕಡಿಮೆ ಇರುವ ಕೆಳಪದರದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸುವುದೇ ಆ ವ್ಯವಸ್ಥೆಯ ಜೀವಾಳ. ಅಲ್ಲಿ ಮೇಲ್ಪದರವನ್ನಷ್ಟೇ ಹೀರಿ ಉಳಿದದ್ದನ್ನು ಶಂಖದ ಹುಳು, ಸೆರಿತ್ ಬಸವನಹುಳುಗಳಿಗೆ ಬಿಡಬಹುದು. ಮರಳು ಜಾಲಾಡುವ ನಕ್ಷತ್ರಮೀನನ್ನು ‘ಕ್ಲೀನರ್’ ಎಂದು ಮಾರುವುದಂತೂ ನಿಲ್ಲಬೇಕು. ಅದಕ್ಕೆ ಪಾಚಿ ಬೇಡ, ಮರಳನ್ನು ಸಜೀವವಾಗಿಟ್ಟ ಹುಳುಗಳು, ಸಣ್ಣ ಚಿಪ್ಪುಜೀವಿಗಳೇ ಬೇಕು. ಸಣ್ಣ ಟ್ಯಾಂಕಿನಲ್ಲಿ ಅವೆಲ್ಲ ಮುಗಿದ ಮೇಲೆ ಅದೂ ಹಸಿವಿನಿಂದ ಸಾಯುತ್ತದೆ, ಕಂದು ಪದರ ಮಾತ್ರ ಇದ್ದಲ್ಲೇ ಇರುತ್ತದೆ.