ಬೆಂಕಿಯ ಲೆಕ್ಕ ಸರಿ, ಮಸಿಯ ಲೆಕ್ಕ ಎಲ್ಲಿ?

ವಿಮಾ ಪಾಲಿಸಿಯನ್ನು ಓದಿ ವಿಮರ್ಶಿಸುವ ರೂಢಿ ನಮ್ಮಲ್ಲಿಲ್ಲ. ಸಹಿ ಹಾಕಿ ಬೀರುವಿನಲ್ಲಿಟ್ಟರೆ ಮುಗಿಯಿತು. ಆದರೆ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಒಕ್ಕಣೆ ಕೂತು ಓದುವಂಥದ್ದು. ಮನೆಗಳಿಗೆ ಅಗ್ನಿ ವಿಮೆ ಮಾಡುವ ಎಲ್ಲ ಕಂಪನಿಗಳೂ 2021ರ ಏಪ್ರಿಲ್ 1ರಿಂದ ಇದನ್ನು ಮಾರಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯ ಮಾಡಿತು. ಕಂಪನಿ ಯಾವುದಾದರೂ ಮೂಲ ಒಕ್ಕಣೆ ಒಂದೇ. ಅದಕ್ಕೂ ಹಿಂದೆ ಇದ್ದದ್ದು ಕಾರ್ಖಾನೆ, ಗೋದಾಮು, ಮನೆ ಎಲ್ಲಕ್ಕೂ ಒಂದೇ ಅಚ್ಚಿನ ಹಳೆಯ ಅಗ್ನಿ ಪಾಲಿಸಿ. ಅದರ ವಾಕ್ಯಗಳು ವಕೀಲರಿಗೇ ಉಸಿರು ಕಟ್ಟಿಸುತ್ತಿದ್ದವು. ಹೊಸದು ‘ನೀವು’, ‘ನಾವು’ ಎಂದು ಮಾತಾಡುತ್ತದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸಣ್ಣದಲ್ಲ. ಹಳೆಯ ಪಾಲಿಸಿಯಲ್ಲಿ 40 ಲಕ್ಷದ ಮನೆಗೆ 20 ಲಕ್ಷದ ವಿಮೆ ಮಾಡಿಸಿದ್ದರೆ, ಅಡುಗೆಮನೆ ಸುಟ್ಟು 4 ಲಕ್ಷ ನಷ್ಟವಾದಾಗ ಕೈಗೆ ಸಿಗುತ್ತಿದ್ದುದು 2 ಲಕ್ಷ. ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ಅರ್ಧ ಪರಿಹಾರ ಎಂಬ ತರ್ಕ. ಕಾರ್ಖಾನೆಯ ಮಾಲೀಕನಿಗೆ ಅದು ಸರಿಯಿರಬಹುದು. ಏಜೆಂಟ್ ಬರೆದುಕೊಟ್ಟ ಅಂಕಿಗೆ ಸಹಿ ಹಾಕಿದ ಮೇಷ್ಟ್ರಿಗೆ ಅನ್ಯಾಯ. ಗೃಹ ರಕ್ಷಾ ಈ ಕತ್ತರಿಯನ್ನು ಪೂರ್ತಿಯಾಗಿ ಕೈಬಿಟ್ಟಿದೆ: ವಿಮಾ ಮೊತ್ತದೊಳಗಿನ ನಷ್ಟವಾದರೆ 4 ಲಕ್ಷಕ್ಕೆ 4 ಲಕ್ಷ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಂಡರೆ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ. ಮನೆ ವಾಸಕ್ಕೆ ಯೋಗ್ಯವಲ್ಲದಾದರೆ ರಿಪೇರಿ ಮುಗಿಯುವತನಕ ಬೇರೆಡೆ ಇರುವ ಬಾಡಿಗೆಗೂ ಅವಕಾಶವಿದೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಇರುತ್ತಾರೆಂಬುದೂ ಬರೆದವರಿಗೆ ಗೊತ್ತು. ಅವಘಡದ ಬೆನ್ನಿಗೆ, 7 ದಿನದೊಳಗೆ, ಅದೇ ಗೊಂದಲದಲ್ಲಿ ಆದ ಕಳವೂ ಪಾಲಿಸಿಯೊಳಗೆ ಬರುತ್ತದೆ.

ಇಷ್ಟು ತಿಳಿವಳಿಕೆಯಿಂದ ಬರೆದದ್ದು ಎಡವುವುದೆಲ್ಲಿ? ಬೆಂಕಿ ಆರಿದ ಮೇಲೆ.

ಅಪಾರ್ಟ್‌ಮೆಂಟಿನ ಒಂದು ಅಡುಗೆಮನೆ ಹೊತ್ತಿಕೊಂಡಿತೆನ್ನಿ. ಅಗ್ನಿಶಾಮಕ ದಳ ಬಂತು, ಅರ್ಧ ಗಂಟೆಯಲ್ಲಿ ಆರಿತು. ಜ್ವಾಲೆ ತಿಂದದ್ದು ಚಿಮಣಿ, ಮೇಲಿನ ಕಪಾಟು, ಒಂದು ಕಿಟಕಿ. ನೋಡಿದವರು ‘ದೇವರು ದೊಡ್ಡವನು, ಇಷ್ಟರಲ್ಲೇ ಹೋಯಿತು’ ಅನ್ನುತ್ತಾರೆ. ಖರ್ಚು ಶುರುವಾಗುವುದು ಮಾರನೇ ದಿನ. ಹೊಗೆ ಅಡುಗೆಮನೆಯಲ್ಲೇ ನಿಂತಿರುವುದಿಲ್ಲ. ಮಲಗುವ ಕೋಣೆಯ ಬೀರು ತೆರೆದರೆ ಮಡಿಸಿಟ್ಟ ರೇಷ್ಮೆ ಸೀರೆಯ ಅಂಚಿನಲ್ಲೂ ಕಪ್ಪು. ಎಣ್ಣೆ ಬೆರೆತ ಮಸಿಗೆ ನೀರು ಹಾಕಿ ಉಜ್ಜಿದರೆ ಗೋಡೆ ಇನ್ನಷ್ಟು ಕುಡಿಯುತ್ತದೆ. ಪಿವಿಸಿ ವೈರು ಸುಟ್ಟ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಟಿವಿ, ಇನ್ವರ್ಟರ್, ಸ್ವಿಚ್‌ಬೋರ್ಡುಗಳ ಒಳಗೆ ಕೂತು ವಾರಗಳ ನಂತರ ಲೋಹವನ್ನು ತಿನ್ನತೊಡಗುತ್ತದೆ. ಗೋಡೆಯೊಳಗಿನ ಪೈಪು ಕರಗಿ ವೈರಿಗೆ ಅಂಟಿದ್ದರೆ ಎಳೆದು ಬದಲಿಸಲಾಗದು, ಗೋಡೆ ಕೊರೆಯಬೇಕು. ಆರಿಸಲು ಸುರಿದ ನೀರು ಕೆಳಗಿನ ಮನೆಯವರ ಫಾಲ್ಸ್ ಸೀಲಿಂಗ್ ಸೇರಿರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಕಾಂಕ್ರೀಟು ನಸುಗೆಂಪಿಗೆ ತಿರುಗಿ ಬಲ ಕಳೆದುಕೊಳ್ಳಲು ಶುರುಮಾಡುತ್ತದೆ. ಹಾಗಾಗಿ ಮೇಲಿನ ಸ್ಲ್ಯಾಬಿನ ಗಾರೆ ಉದುರಿದ್ದರೆ ಮೇಸ್ತ್ರಿಯ ಮಾತು ಸಾಲದು, ಎಂಜಿನಿಯರ್ ಬಂದು ಹ್ಯಾಮರ್ ಪರೀಕ್ಷೆ, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಬೇಕು.

ಇವೆಲ್ಲ ಬೆಂಕಿಯ ನೇರ ಪರಿಣಾಮಗಳೇ. ಬೆಂಕಿಯಿಂದಾದ ಹೊಗೆ, ಆರಿಸಲು ಬಳಸಿದ ನೀರು ಮಾಡಿದ ಹಾನಿಯನ್ನು ಬೆಂಕಿಯ ಹಾನಿಯೆಂದೇ ಎಣಿಸುವುದು ವಿಮೆಯಲ್ಲಿ ಹಳೆಯ ತತ್ವ. ಆದರೆ ಜಗಳ ಬರುವುದು ತತ್ವದಲ್ಲಲ್ಲ, ಪ್ರಮಾಣದಲ್ಲಿ. ತೊಳೆದರೆ ಸಾಕೇ, ಬದಲಿಸಬೇಕೇ? ಒಂದು ಗೋಡೆಗೆ ಬಣ್ಣವೋ, ಇಡೀ ಮನೆಗೋ? ಉತ್ತರ ಬರೆಯುವವರು ಸರ್ವೇಯರ್. ಅವರಿಗೆ ಪರವಾನಗಿ ಕೊಡುವುದು ಪ್ರಾಧಿಕಾರ, ನೇಮಿಸಿ ಸಂಭಾವನೆ ಕೊಡುವುದು ಕಂಪನಿ. ಮಸಿ ತೆಗೆಯುವ, ವಾಸನೆ ಹೋಗಿಸುವ ಕೆಲಸಕ್ಕೆ ನಮ್ಮಲ್ಲಿ ಎಲ್ಲರೂ ಒಪ್ಪುವ ದರಪಟ್ಟಿ ಇಲ್ಲ. ಇದ್ದುದರಲ್ಲಿ ಪಾಲಿಸಿ ನಿಗದಿಮಾಡಿದ ಮಿತಿಗಳನ್ನು ನೋಡಿ: ಅವಶೇಷ ತೆರವಿಗೆ ಕ್ಲೇಮು ಮೊತ್ತದ ಶೇ 2, ವಾಸ್ತುಶಿಲ್ಪಿ, ಎಂಜಿನಿಯರುಗಳ ಶುಲ್ಕಕ್ಕೆ ಶೇ 5. ಕ್ಲೇಮು 4 ಲಕ್ಷವಾದರೆ ತೆರವಿಗೆ 8,000 ರೂಪಾಯಿ. ಐದನೇ ಮಹಡಿಯಿಂದ ಸುಟ್ಟ ಪ್ಲೈವುಡ್ಡು, ಒಡೆದ ಟೈಲ್ಸು, ನೆನೆದ ಹಾಸಿಗೆಗಳನ್ನು ಇಳಿಸಿ, ಲಾರಿಗೆ ತುಂಬಿ, ಊರಾಚೆ ಸುರಿಸಿ ನೋಡಿದವರು ಈ ಅಂಕಿಗೆ ನಗುತ್ತಾರೆ. ಇಡೀ ಮನೆ ನೆಲಸಮವಾದಾಗ ಶೇ 2 ದೊಡ್ಡ ಮೊತ್ತವಾದೀತು. ಸಣ್ಣ ಬೆಂಕಿಗೆ ಅದು ಏನೂ ಅಲ್ಲ. ಕನಿಷ್ಠ ಮೊತ್ತವೊಂದನ್ನು ಗೊತ್ತುಮಾಡಬೇಕಿತ್ತು.

ಕಟ್ಟಡದ ವಿಮಾ ಮೊತ್ತ ಕಟ್ಟುವ ಸೂತ್ರದಲ್ಲೂ ನನಗೆ ತಕರಾರಿದೆ. ಕಾರ್ಪೆಟ್ ಏರಿಯಾವನ್ನು ಆಗಿನ ನಿರ್ಮಾಣ ದರದಿಂದ ಗುಣಿಸುವುದು, ಅಷ್ಟೆ. ಜಾಗದ ಬೆಲೆಯನ್ನು ಹೊರಗಿಟ್ಟದ್ದು ಸರಿ, ಜಾಗ ಸುಡುವುದಿಲ್ಲ. ಬೆಂಗಳೂರಿನ ಫ್ಲ್ಯಾಟಿಗೆ ಈ ಸೂತ್ರ ಹೊಂದುತ್ತದೆ. ಮಲೆನಾಡಿನ ತೊಟ್ಟಿಮನೆಗೆ? ಹಲಸಿನ ಕಂಬ, ಕೆತ್ತನೆಯ ಬಾಗಿಲುವಾಡ, ಮರದ ಅಟ್ಟ ಇರುವ ಮನೆಯನ್ನು ಚದರಡಿ ದರದಲ್ಲಿ ಮತ್ತೆ ಕಟ್ಟಲಾಗದು. ಬೆಂಕಿಗೆ ಎಲ್ಲಕ್ಕಿಂತ ಸುಲಭದ ತುತ್ತಾಗುವುದೂ ಅಂಥ ಮನೆಯೇ.

ಒಳಗಿನ ಸಾಮಾನುಗಳಿಗೆ ಕಟ್ಟಡದ ವಿಮಾ ಮೊತ್ತದ ಶೇ 20, ಗರಿಷ್ಠ 10 ಲಕ್ಷ, ತಾನಾಗಿ ಸಿಗುತ್ತದೆ, ಪಟ್ಟಿ ಬೇಡ. ಹೆಚ್ಚು ಬೇಕಾದರೆ ವಿವರ ಕೊಟ್ಟು ಕೇಳಬೇಕು. ಒಡವೆ, ಕಲಾಕೃತಿಗಳಿಗೆ ಮೊದಲೇ ಮೌಲ್ಯ ಒಪ್ಪಿಸಿ ಬೇರೆ ರಕ್ಷಣೆ ಪಡೆಯಬೇಕು. ಇನ್ನೊಂದು ಸೂಕ್ಷ್ಮ: ಫ್ರಿಜ್ಜಿನೊಳಗೆ ಶಾರ್ಟ್ ಸರ್ಕಿಟ್ ಆಗಿ ಬೆಂಕಿ ಹಬ್ಬಿದರೆ ಸುಟ್ಟ ಕೋಣೆಗೆ ಪರಿಹಾರವುಂಟು, ಆ ಫ್ರಿಜ್ಜಿಗೆ ಇಲ್ಲ. ಕ್ಲೇಮಿನ ಹೊತ್ತಿಗೆ ಕೇಳಿದರೆ ಇದು ಮೋಸದಂತೆ ಕಾಣುತ್ತದೆ. ಕೊಳ್ಳುವ ಹೊತ್ತಿಗೇ ಹೇಳಬೇಕಾದ ಸಂಗತಿ ಇದು.

ಪಾಲಿಸಿಯ ನಿಜವಾದ ವೈರಿ ಅದನ್ನು ಮಾರುವ ರೀತಿ. ಗೃಹ ಸಾಲದ ಕಾಗದಗಳ ಕಟ್ಟಿನಲ್ಲಿ ಅದೂ ಒಂದು ಹಾಳೆ. ಎಷ್ಟೋ ಕಡೆ ವಿಮಾ ಮೊತ್ತ ಸಾಲದ ಮೊತ್ತಕ್ಕೆ ಸಮ, ಮರುನಿರ್ಮಾಣದ ವೆಚ್ಚಕ್ಕೆ ಅಲ್ಲ. ಸಾಮಾನಿನ ರಕ್ಷಣೆಯನ್ನು ಬಿಟ್ಟಿದ್ದಾರೋ ಸೇರಿಸಿದ್ದಾರೋ ಮನೆಯೊಡೆಯನಿಗೆ ಗೊತ್ತಿರುವುದಿಲ್ಲ. ಸಾಲ ತೀರಿದಾಗ ಪಾಲಿಸಿಯೂ ಸದ್ದಿಲ್ಲದೆ ತೀರಿರುತ್ತದೆ. ಸರ್ಕಾರವೂ ಈ ವಿಷಯದಲ್ಲಿ ಉದಾರಿಯಲ್ಲ: 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಜಿಎಸ್‌ಟಿ ತೆಗೆದಾಗ ಮನೆ ವಿಮೆಯ ಶೇ 18 ಹಾಗೇ ಉಳಿಯಿತು.

ಗ್ಯಾಸ್ ಸಿಲಿಂಡರಿನ ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ತೈಲ ಕಂಪನಿಗಳು ಗ್ರಾಹಕರಿಂದ ಪ್ರೀಮಿಯಂ ಪಡೆಯದೆ ಮಾಡಿಸಿರುವ ಆ ವಿಮೆಯಲ್ಲಿ ಆಸ್ತಿ ಹಾನಿಗೆ ಸಿಗುವುದು ಗರಿಷ್ಠ 2 ಲಕ್ಷ ರೂಪಾಯಿ. ಅದೂ ಬೆಂಕಿಗೆ ಅನಿಲವೇ ಮೂಲ ಕಾರಣವಾಗಿರಬೇಕು, ಅವಘಡ ನೋಂದಾಯಿತ ವಿಳಾಸದಲ್ಲೇ ನಡೆದಿರಬೇಕು. ಒಂದು ಮಾಡ್ಯುಲರ್ ಅಡುಗೆಮನೆಗೂ ಅದು ಸಾಲದು.

ಒಟ್ಟಿನಲ್ಲಿ, ಭಾರತ್ ಗೃಹ ರಕ್ಷಾ ಕೊಳ್ಳತಕ್ಕ ಪಾಲಿಸಿ. ಮನೆಯವರ ಪರವಾಗಿ ಇಷ್ಟು ಯೋಚಿಸಿದ ವಿಮಾ ಒಕ್ಕಣೆ ನಮ್ಮಲ್ಲಿ ಮೊದಲು ಇರಲಿಲ್ಲ. ಮಸಿ ಮತ್ತು ತೆರವಿನ ಅಧ್ಯಾಯವನ್ನು ಮಾತ್ರ ಪ್ರಾಧಿಕಾರ ತಿದ್ದಿ ಬರೆಯಬೇಕು. ಅಲ್ಲಿಯವರೆಗೆ ಸಾಲ ಇರುವವರು ಬ್ಯಾಂಕಿನಿಂದ ಪಾಲಿಸಿಯ ಪೂರ್ಣ ಪ್ರತಿ ಕೇಳಿ ಪಡೆಯಿರಿ, ಸಾಮಾನಿನ ರಕ್ಷಣೆ ಇದೆಯೇ ನೋಡಿ, ಕೋಣೆಕೋಣೆಯ ಫೋಟೊ ತೆಗೆದು ಮನೆಯ ಹೊರಗೆಲ್ಲಾದರೂ ಇಡಿ. ಬೆಂಕಿ ಬಿದ್ದ ಮೇಲೆ ಸರ್ವೇಯರ್ ನೋಡುವ ಮುನ್ನ ಏನನ್ನೂ ಎಸೆಯಬೇಡಿ. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಶುಲ್ಕವಿಲ್ಲದೆ, ವಕೀಲರಿಲ್ಲದೆ ಅಲ್ಲಿಗೆ ಒಯ್ಯಬಹುದು.