ಮೊದಲು ಕಳಚುವುದು ಗಾಲಿ

ನವೆಂಬರ್ ಬಂತೆಂದರೆ ಯುವಕ ಯುವತಿಯರ ತಂಡಗಳು ಬಣ್ಣದ ಡಬ್ಬಿ, ಏಣಿ, ರೋಲರ್ ಹೊತ್ತು ಹಳ್ಳಿಯ ಸರ್ಕಾರಿ ಕನ್ನಡ ಶಾಲೆಗಳ ಕಡೆ ಹೊರಡುತ್ತವೆ. ಶನಿವಾರ ಬೆಳಿಗ್ಗೆ ಪಾಚಿ ಹಿಡಿದು ನಿಂತಿದ್ದ ಗೋಡೆ ಭಾನುವಾರ ಸಂಜೆಗೆ ರೈಲುಬೋಗಿಯಾಗಿರುತ್ತದೆ. ಕಿಟಕಿಗಳ ಉದ್ದಕ್ಕೂ ನೀಲಿ ಪಟ್ಟೆ, ಬಾಗಿಲ ಪಕ್ಕದಲ್ಲಿ ಹಿಡಿಕಂಬಿ, ಜಗಲಿಯ ಅಂಚಿಗೆ ಗಾಲಿ. ಮಕ್ಕಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಎರಡು ದಿನದಲ್ಲಿ ಪತ್ರಿಕೆಯಲ್ಲೂ ಬರುತ್ತದೆ. ರಾಜಸ್ಥಾನದ ಅಲ್ವರ್‌ನ ಶಾಲೆಯೊಂದು ಇಂಥ ಚಿತ್ರದಿಂದಲೇ ದೇಶಕ್ಕೆಲ್ಲ ಪರಿಚಯವಾದದ್ದು, 2018ರಲ್ಲಿ ‘ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು’ ಸಿನಿಮಾ ಬಂದ ಮೇಲೆ ಕನ್ನಡ ಶಾಲೆಗಳ ಬಗ್ಗೆ ನಮ್ಮಲ್ಲಿ ಅಕ್ಕರೆ ಉಕ್ಕಿದ್ದು ಓದುಗರಿಗೆ ಗೊತ್ತೇ ಇದೆ. ಅದನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ.

ಈ ರೈಲು ಚಿತ್ರಕ್ಕೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರದಲ್ಲಿ ಕೂತು ಹೇಳುತ್ತಿರುವ ಮಾತಲ್ಲ ಇದು. ಅಂಥ ಒಂದು ತಂಡದ ಜೊತೆ ಬಯಲುಸೀಮೆಯ ಒಂದು ಶಾಲೆಗೆ ನಾನೂ ಹೋಗಿದ್ದೆ. ಜಗಲಿಯ ಅಂಚಿನ ಆರು ಗಾಲಿಗಳನ್ನು ಬರೆದವನು ನಾನೇ. ಮಕ್ಕಳು ಕುಣಿದದ್ದು ನಿಜ, ಆ ವಾರವೆಲ್ಲ ಬೇಗ ಶಾಲೆಗೆ ಬಂದದ್ದೂ ನಿಜ. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಕೆಲಸದ ಬೆಲೆ ಕಟ್ಟಬೇಕಾದದ್ದು ಅದು ಮುಗಿದ ಸಂಜೆಯಲ್ಲ, ಒಂದು ಮಳೆಗಾಲ ಕಳೆದ ಮೇಲೆ.

ಚಿತ್ರವನ್ನು ಹತ್ತಿರ ಹೋಗಿ ನೋಡೋಣ. ನಾವು ಬಣ್ಣ ಬಳಿದ ಶಾಲೆಗೆ ರಸ್ತೆಯ ಕಡೆ ನಾಲ್ಕು ಕಿಟಕಿಗಳಿದ್ದವು. ರೈಲುಬೋಗಿಗೆ ನಾಲ್ಕು ಸಾಲದು. ಹಾಗಾಗಿ ನಡುನಡುವೆ ಇನ್ನೂ ಏಳು ಕಿಟಕಿ ಬರೆದೆವು. ಬರೆದ ಕಿಟಕಿಗಳಿಗೆ ಗಾಜಿತ್ತು. ಗಾಜಿನ ಮೇಲೆ ಓರೆಯಾಗಿ ಎರಡು ಬಿಳಿ ಗೀಟೆಳೆದು ಹೊಳಪು ತಂದಿದ್ದೆವು. ನಿಜವಾದ ನಾಲ್ಕರಲ್ಲಿ ಎರಡಕ್ಕೆ ಕದವೇ ಇರಲಿಲ್ಲ. ಮಳೆಗಾಲದಲ್ಲಿ ಅದಕ್ಕೆ ಗೊಬ್ಬರದ ಚೀಲ ಕಟ್ಟುತ್ತೇವೆ ಎಂದು ಬಿಸಿಯೂಟದ ಅಡುಗೆಯ ಅಕ್ಕ ಹೇಳಿದ್ದರು. ಇಲ್ಲದ ಏಳು ಕಿಟಕಿ ಬರೆಯಲು ಐದು ಜನರಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಇದ್ದ ಎರಡು ಕಿಟಕಿಗೆ ಕದ ಕೂರಿಸಲು ಬೇಕಾಗಿದ್ದದ್ದು ಒಂದಿಷ್ಟು ಹಲಗೆ, ನಾಲ್ಕು ಕೀಲು, ಒಬ್ಬ ಬಡಗಿ.

ಇದನ್ನು ಮರೆವು ಎಂದು ತಳ್ಳಿಹಾಕುವಂತಿಲ್ಲ. ಕದವಿಲ್ಲದ್ದು ನಮಗೆಲ್ಲ ಕಂಡಿತ್ತು. ಆದರೆ ರೈಲು ಎಂಬ ಕಲ್ಪನೆ ಒಮ್ಮೆ ಗೋಡೆಯ ಮೇಲೆ ಕೂತಮೇಲೆ ಕಟ್ಟಡದ ಪ್ರತಿಯೊಂದು ಭಾಗವೂ ಅದಕ್ಕೆ ಹೊಂದಬೇಕು. ಕಿಟಕಿ ರೈಲಿನ ಕಿಟಕಿಯಂತೆ ಕಂಡರೆ ಸಾಕು, ಗಾಳಿ ಬೆಳಕು ಮಳೆಗಳ ಲೆಕ್ಕ ಅಲ್ಲಿಗೆ ಮುಗಿಯಿತು. ಗೋಡೆಯ ಬಿರುಕು ಎರಡು ಬೋಗಿಗಳ ನಡುವಿನ ಕಪ್ಪು ಸಂದಾಗಿ ಮರೆಯಾಯಿತು. ಆ ಬಿರುಕಿನೊಳಗೆ ಸೂರಿನ ನೀರು ಇಳಿಯುತ್ತಿತ್ತು. ಕಪ್ಪು ಬಣ್ಣ ಬಳಿದ ಮೇಲೆ ಅದನ್ನು ಯಾರೂ ಬಿರುಕೆಂದು ಗುರುತಿಸುವುದು ಸಾಧ್ಯವಿರಲಿಲ್ಲ. ನೋಡಲು ಬರುವ ಇಂಜಿನಿಯರಿಗೂ ಸಾಧ್ಯವಿರಲಿಲ್ಲ.

ಇನ್ನು ಗಾಲಿಗಳು. ಗಾಲಿ ಬರೆಯುವ ಜಾಗ ಯಾವುದು? ಗೋಡೆಯ ಬುಡ. ಸೂರಿನಿಂದ ಬಿದ್ದ ಮಳೆನೀರು ಕೆಸರಾಗಿ ಸಿಡಿಯುವುದು ಅಲ್ಲಿಗೆ, ನೆಲದ ತೇವ ಮೇಲೇರುವುದು ಅಲ್ಲಿಂದ. ಇಡೀ ಕಟ್ಟಡದಲ್ಲಿ ಬಣ್ಣಕ್ಕೆ ಅತಿ ಕಷ್ಟದ ಜಾಗ ಅದು. ನಮ್ಮ ಹಿರಿಯರು ಗೋಡೆಯ ಮೇಲ್ಭಾಗಕ್ಕೆ ಸುಣ್ಣ ಬಳಿದು ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ಕೆಸರು ಸಿಡಿದರೆ ಕೆಮ್ಮಣ್ಣಿನ ಮೇಲೆ ಅಷ್ಟಾಗಿ ಕಾಣದು, ಹಬ್ಬಕ್ಕೊಮ್ಮೆ ಮತ್ತೆ ಬಳಿದುಕೊಳ್ಳಲು ಖರ್ಚೂ ಇಲ್ಲ. ನಾವು ಅದೇ ಜಾಗದಲ್ಲಿ ಆಯಿಲ್ ಪೇಂಟಿನಲ್ಲಿ ಅತ್ಯಂತ ನಾಜೂಕಿನ ಚಿತ್ರ ಬರೆದೆವು. ಮರುವರ್ಷ ಹೋಗಿ ನೋಡಿದಾಗ ಮೇಲಿನ ನೀಲಿ ಪಟ್ಟೆ ಹಾಗೇ ಇತ್ತು. ಆರು ಗಾಲಿಗಳಲ್ಲಿ ನಾಲ್ಕು ಹಕ್ಕಳೆಯೆದ್ದು ಉದುರಿದ್ದವು.

ಇದಕ್ಕೆ ಕಾರಣ ಬಣ್ಣದ ಗುಣಮಟ್ಟವಲ್ಲ. ಆ ಶಾಲೆಯದು ಮಣ್ಣಿನ ಗಾರೆಯ ಕಲ್ಲುಗೋಡೆ, ಅದರ ಮೇಲೆ ವರ್ಷ ವರ್ಷ ಬಳಿದ ಸುಣ್ಣದ ಪದರಗಳು. ಅಂಥ ಗೋಡೆಯೊಳಗೆ ಸದಾ ಒಂದಿಷ್ಟು ತೇವ ಇರುತ್ತದೆ. ಸುಣ್ಣದ ಪದರದ ಮೂಲಕ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಆಯಿಲ್ ಪೇಂಟಿನ ಪೊರೆ ಅದನ್ನು ತಡೆಯುತ್ತದೆ. ತೇವದ ಜೊತೆ ಬಂದ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಕೆಳಗಿನ ಸುಣ್ಣವನ್ನು ಪೂರ್ತಿ ಕೆರೆದಿರದಿದ್ದರೆ ಪುಡಿಸುಣ್ಣದ ಸಮೇತ ಬಣ್ಣ ಏಳುತ್ತದೆ. ಸುಣ್ಣದ ಬಗೆಯೇ ಬೇರೆ. ಅರಳಿದ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಗೋಡೆಯನ್ನು ನೀರಿನಿಂದ ನೆನೆಸಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಬಳಿದರೆ, ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಗೋಡೆಯ ಭಾಗವೇ ಆಗುತ್ತದೆ.

ಆದರೆ ನಾವು ಮಾಡಿದ ದೊಡ್ಡ ಹಾನಿ ಇದಲ್ಲ. ಅದನ್ನು ನನಗೆ ತಿಳಿಸಿದವರು ಜಗಲಿಯ ಮೇಲೆ ಕೂತಿದ್ದ ಊರಿನ ಹಿರಿಯರೊಬ್ಬರು. “ಮೊದ್ಲೆಲ್ಲ ದಸರಾ ರಜೇಲಿ ನಾವೇ ಸುಣ್ಣ ಹೊಡೀತಿದ್ವಿ ಸ್ವಾಮಿ. ಮನೆಗೊಬ್ರು ಬರೋರು. ಈಗ ನೀವು ಬಳ್ದಿರೋದ್ರ ಮೇಲೆ ಸುಣ್ಣ ಹಿಡಿಯಲ್ಲ. ಮತ್ತೆ ಯಾವಾಗ ಬರ್ತೀರ?” ಎಂದು ಕೇಳಿದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ದಿನ ತಿಳಿದುಕೊಳ್ಳಲು ಕೇಳಿದ್ದರು.

ನನ್ನ ವಿಮರ್ಶೆಯ ತಿರುಳು ಇಷ್ಟೇ. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಒಂದು ಮೂಟೆ ಸುಣ್ಣ, ಚೂರು ನೀಲಿ, ಒಂದು ಹಿಡಿ ಉಪ್ಪು, ನಾರಿನ ಕುಂಚ ಇಟ್ಟುಕೊಂಡು ತನ್ನ ಶಾಲೆಯನ್ನು ತಾನೇ ಬೆಳ್ಳಗೆ ಇಟ್ಟುಕೊಳ್ಳುತ್ತಿದ್ದ ಊರನ್ನು ನಾವು ಎರಡೇ ದಿನದಲ್ಲಿ ಮುಂದಿನ ತಂಡಕ್ಕಾಗಿ ಕಾಯುವ ಊರನ್ನಾಗಿ ಮಾಡಿದೆವು. ಸಮುದಾಯದ ಕಟ್ಟಡದ ಮೇಲೆ ಮಾಡುವ ಯಾವ ಕೆಲಸವೇ ಆಗಲಿ, ಮಾಡಿದವರು ಹೋದಮೇಲೆ ಅದನ್ನು ಊರವರು ಮತ್ತೆ ಮಾಡಿಕೊಳ್ಳಲು ಸಾಧ್ಯವಾಗಬೇಕು. ಸಾಗರದ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮದುವೆ ಬಂದಾಗ ಮನೆಯ ಹೆಂಗಸರು ಹೊಸದಾಗಿ ಬರೆಯುತ್ತಾರೆ. ಹಳೆಯದು ಮಾಸಿದರೆ ಯಾರೂ ಕೊರಗುವುದಿಲ್ಲ, ಏಕೆಂದರೆ ಬರೆಯುವ ಕೈ ಮನೆಯಲ್ಲೇ ಇದೆ. ರೈಲು ಬರೆದ ಕೈ ಭಾನುವಾರ ರಾತ್ರಿಯ ಬಸ್ಸಿಗೆ ಊರು ಬಿಟ್ಟಿರುತ್ತದೆ.

ಇನ್ನೊಂದು ಪ್ರಶ್ನೆ: ಈ ಚಿತ್ರ ಯಾರ ಕಣ್ಣಿಗಾಗಿ? ರಸ್ತೆಯ ಆಚೆ ನಿಂತರೆ ಮಾತ್ರ ಶಾಲೆ ರೈಲಾಗಿ ಕಾಣುತ್ತದೆ. ಒಳಗೆ ಕೂತ ಮಗುವಿಗೆ ಅದು ಕಾಣುವುದೇ ಇಲ್ಲ. ನಮ್ಮ ಶಿಬಿರದಲ್ಲಿ ಒಳಗೋಡೆಯ ಹೊತ್ತಿಗೆ ಬಣ್ಣವೂ ಮುಗಿದಿತ್ತು, ಸಮಯವೂ ಮುಗಿದಿತ್ತು. ಇದಕ್ಕಿಂತ ಒಳ್ಳೆಯ ಮಾದರಿ ನಮ್ಮಲ್ಲೇ ಇದೆ, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕೂಡಿ ಕಟ್ಟಿದ ನಲಿ-ಕಲಿಯ ತರಗತಿಯಲ್ಲಿ ಗೋಡೆಯ ಕೆಳಭಾಗಕ್ಕೆ, ನೆಲದ ಮೇಲೆ ಕೂತ ಮಗುವಿನ ಕೈಗೆ ಎಟುಕುವಂತೆ, ಕಪ್ಪು ಬಣ್ಣ ಬಳಿಯುತ್ತಾರೆ. ಪ್ರತಿ ಮಗುವಿಗೂ ಬರೆಯಲು ಒಂದು ಪಾಲು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಹಾಳೆಗಳು. ಶಾಲಾ ಕಟ್ಟಡವನ್ನೇ ಕಲಿಕೆಯ ಸಾಧನವಾಗಿಸುವ ‘ಬಾಲಾ’ ಪದ್ಧತಿಯನ್ನು ರೂಪಿಸಿದ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ, ಬಾಗಿಲ ಕೆಳಗಿನ ನೆಲದ ಮೇಲೆ ಕೋನಮಾಪಕ ಬರೆಯುವ ಉಪಾಯ ತೋರಿಸಿದ್ದಾರೆ. ಬಾಗಿಲು ತೆರೆದಂತೆ ಮಗು 30, 60, 90 ಡಿಗ್ರಿಯನ್ನು ಕಣ್ಣಾರೆ ನೋಡುತ್ತದೆ. ಅಲ್ಲಿ ಬಾಗಿಲು ಬಾಗಿಲಾಗಿಯೇ ಉಳಿದು ಪಾಠ ಹೇಳುತ್ತದೆ. ಅರ್ಧ ಲೀಟರ್ ಬಣ್ಣದ ಕೆಲಸ ಅದು. ಫೋಟೊದಲ್ಲಿ ಅದು ಏನೂ ಅನ್ನಿಸುವುದಿಲ್ಲ.

ಈ ಚಿತ್ರಗಳನ್ನು ಟೀಕಿಸಿದವರ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಕಲೆಯ ಕಡೆಯಿಂದ ಮಾತಾಡುವವರು ಇದನ್ನು ಕಣ್ಣು ಕುಕ್ಕುವ ಅಗ್ಗದ ರುಚಿ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ತೇರು, ಯಕ್ಷಗಾನದ ಕಿರೀಟ, ಲಾರಿಯ ಹಿಂಬದಿ ಎಲ್ಲವೂ ಗಾಢ ಬಣ್ಣದವೇ. ಬಣ್ಣದ ಮೇಲಿನ ಆಸೆ ಹಳ್ಳಿಯ ಮಗುವಿನ ದೋಷವಲ್ಲ.

‘ಸರ್ಕಾರದ ಕೆಲಸವನ್ನು ಹುಡುಗರು ಮಾಡಿದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎಲ್ಲ ಋತುವಿಗೂ ತಡೆಯುವ ಕಟ್ಟಡ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಆವರಣ ಎಲ್ಲವನ್ನೂ ಹೆಸರಿಸಿದೆ. ಸೋರುವ ಚಾವಣಿ ರಿಪೇರಿ ಸ್ವಯಂಸೇವಕರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಕಾನೂನಿನ ವಿಷಯ. ಅದಕ್ಕೆ ಅರ್ಜಿ ಬರೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ನೆರವಾಗುವುದೂ ಯುವಕರ ತಂಡದ ಕೆಲಸವೇ. ಆದರೆ ಈ ಟೀಕಾಕಾರರು ಅಲ್ಲಿಂದ ಒಂದೇ ನೆಗೆತಕ್ಕೆ ‘ಹಾಗಾದರೆ ಕುಂಚವನ್ನೇ ಮುಟ್ಟಬೇಡಿ’ ಎಂಬಲ್ಲಿಗೆ ಹೋಗುತ್ತಾರೆ. ದಸರಾ ರಜೆಯಲ್ಲಿ ಮನೆಗೊಬ್ಬರು ಬಂದು ಸುಣ್ಣ ಹೊಡೆದ ಆ ಊರಿನವರು ಸರ್ಕಾರವನ್ನು ಹೊಣೆಯಿಂದ ಬಿಡಿಸುತ್ತಿರಲಿಲ್ಲ. ಶಾಲೆಯ ಮೇಲೆ ತಮಗಿರುವ ಹಕ್ಕನ್ನು ವರ್ಷಕ್ಕೊಮ್ಮೆ ಚಲಾಯಿಸುತ್ತಿದ್ದರು. ಈ ಎರಡನ್ನೂ ಒಂದೇ ಎಂದು ಕಾಣುವುದು ಊರಿನ ಜೀವನ ಗೊತ್ತಿಲ್ಲದವರ ವಾದ.

ಬಣ್ಣದ ರಾಜಕೀಯ ಓದುವವರದು ಮತ್ತೊಂದು ಬಗೆ. 2022ರ ನವೆಂಬರಿನಲ್ಲಿ ರಾಜ್ಯ ಸರ್ಕಾರದ ‘ವಿವೇಕ’ ಯೋಜನೆಯಡಿ ಕಟ್ಟುವ ಹೊಸ ಶಾಲಾ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಮಾತು ಬಂದಾಗ ನಾಡಿನಲ್ಲಿ ಎಷ್ಟು ಚರ್ಚೆಯಾಯಿತು! ಯಾವ ಬಣ್ಣ ಎಂಬುದು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಶಾಲೆ ಎಲ್ಲರದು, ಅದರ ಬಣ್ಣವನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಬೇಕು ಎಂದವರು, ಬೇಡ ಎಂದವರು ಇಬ್ಬರೂ ಗೋಡೆಯನ್ನು ಬಾವುಟದಂತೆ ನೋಡಿದರು. ಬಳಿಯುವುದು ಯಾವ ಪದಾರ್ಥ, ಯಾವ ಗೋಡೆಗೆ, ಮುಂದಿನ ಬಾರಿ ಬಳಿಯುವವರು ಯಾರು ಎಂಬ ಮಾತು ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲೇ ಇಲ್ಲ. ನಮ್ಮ ತಂಡ ಮಾಡಿದ ತಪ್ಪೂ ಇದೇ. ನಾವೂ ಶಾಲೆಯನ್ನು ಹೊರಗಿನಿಂದಲೇ ನೋಡಿದೆವು.

‘ಪ್ರೀತಿಯಿಂದ ಮಾಡಿದ್ದನ್ನು ತೂಕಕ್ಕೆ ಹಾಕಬಾರದು’ ಎನ್ನುವ ಮೆಚ್ಚುಗೆಯ ಬರಹಗಳಂತೂ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿವೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತನ್ನ ರಜೆಯನ್ನು ಬಿಟ್ಟು ಬಿಸಿಲಲ್ಲಿ ಏಣಿ ಹತ್ತಿದ್ದಾಳೆಂದರೆ, ಅವಳ ದುಡಿಮೆಗೆ ಸರಿಯಾದ ವಿಮರ್ಶೆ ಸಿಗಬೇಕು. ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳಿಸಿದರೆ ಅವಳು ಮುಂದಿನ ವರ್ಷ ಇನ್ನೊಂದು ಊರಿನ ಗೋಡೆಯನ್ನು ಹೀಗೇ ಕೆಡಿಸುತ್ತಾಳೆ.

ಎರಡು ದಿನದ ಶಿಬಿರದಲ್ಲಿ ಸುಣ್ಣದ ಕೆಲಸ ಆಗದು ಎಂಬುದು ನಿಜ. ಕೆರೆಯಲು ಒಂದು ದಿನ, ಬಿರುಕು ಮುಚ್ಚಿ ಒಣಗಿಸಲು ಒಂದು ದಿನ, ದಿನಕ್ಕೊಂದು ಕೈಯಂತೆ ಮೂರು ಕೈ ಸುಣ್ಣ. ಆದರೆ ಅಷ್ಟು ಕಾಲಾವಕಾಶ ನಮ್ಮ ವ್ಯವಸ್ಥೆಯಲ್ಲೇ ಇದೆ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಹಳ್ಳಿಯಲ್ಲಿ ಉಳಿದು ಮಾಡುವ ಏಳು ದಿನದ ವಿಶೇಷ ಶಿಬಿರವಿದೆ. ಎರಡು ವರ್ಷದಲ್ಲಿ 240 ಗಂಟೆ ದುಡಿಯುವ ನಿಯಮವಿದೆ. ಊರವರ ಜೊತೆ ಸುಣ್ಣ ಅರಳಿಸಿ, ಒಳಗೋಡೆಗೆ ಕಪ್ಪು ಬಳಿದು, ಕಿಟಕಿಗೆ ಕದ ಕೂರಿಸಿ, ಮರುವರ್ಷ ಮತ್ತೆ ಬಂದು ನೋಡಲು ಅದು ಸಾಕು. ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಮಾತ್ರ ಒಣಗಿದ್ದಾಗ ಕೆರೆಯಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳ ಉಸಿರಿಗೆ ಹೋಗಬಾರದು. ನೀರು ಚಿಮುಕಿಸಿ ಕೆರೆಯಿರಿ, ಮಕ್ಕಳನ್ನು ದೂರವಿಡಿ.

ರೈಲು ಚಿತ್ರವನ್ನು ನಾವು ಕೈಬಿಡಬೇಕು. ಇದು ನನ್ನ ತೀರ್ಮಾನ. ನಾನು ಬರೆದ ಆರು ಗಾಲಿಗಳಲ್ಲಿ ಉಳಿದಿದ್ದ ಎರಡನ್ನೂ, ಉದುರಿದವುಗಳ ಚೂರುಗಳನ್ನೂ ಕೆರೆದು ತೆಗೆಯಲು ಕಳೆದ ದಸರಾ ರಜೆಯಲ್ಲಿ ಆ ಊರಿಗೆ ಹೋಗಿದ್ದೆ. ಎರಡು ದಿನ ಹಿಡಿಯಿತು. ಆ ಹಿರಿಯರು ಕೆಮ್ಮಣ್ಣು ಕಲಸಿಕೊಟ್ಟರು. ಗೋಡೆಯ ಬುಡದಲ್ಲಿ, ಅಷ್ಟು ಜಾಗದಲ್ಲಿ, ಈಗ ಅದು ಹಿಡಿಯುತ್ತದೆ.